ಎರಡನೇ ಲೆವೆಲ್ಲಿಗೆ ಲಿಖಿತ ಪರೀಕ್ಷೆ

ಐವತ್ತೆರಡನೇ ವಯಸ್ಸಿನಲ್ಲಿ, ಉಳಿದಿರುವ ಕೂದಲಿಗೆ ಡೈ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ಕೂತ ಮನುಷ್ಯ ಕಾಪಿ ಹೊಡೆಯುವಾಗ ಸಿಕ್ಕಿಬಿದ್ದರೆ ಹೇಗಿರುತ್ತದೆ, ಗೊತ್ತೇ?

ನನಗೆ ಗೊತ್ತು. ಹೋದ ತಿಂಗಳ ಮೊದಲ ಭಾನುವಾರ, ಬಸವಕಲ್ಯಾಣದಲ್ಲಿ, ಮಧ್ಯಾಹ್ನ ಮೂರೂವರೆಗೆ ಗೊತ್ತಾಯಿತು.

ನಾನು ಕಣ್ಣು ಹಾಯಿಸಿದ್ದು ಪಕ್ಕದಲ್ಲಿ ಕೂತಿದ್ದ ಸುನೀತಾಳ ಉತ್ತರ ಪತ್ರಿಕೆಯ ಮೇಲೆ. ಆಕೆ ಸ್ಟಾಫ್ ನರ್ಸ್, ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು. ಹಿಡಿದವಳು ನನ್ನ ಸ್ವಂತ ಅಕ್ಕ ಶಕುಂತಲಾ, ರಿಟೈರ್ಡ್ ಗಣಿತದ ಟೀಚರ್. ಯಾವ ಪರೀಕ್ಷೆ ಅಂತೀರಾ? ನಗಬೇಡಿ. ಒಂದು ಆಟದಲ್ಲಿ ಒಂದನೇ ಲೆವೆಲ್ಲಿನಿಂದ ಎರಡನೇ ಲೆವೆಲ್ಲಿಗೆ ಏರುವುದಕ್ಕೆ ಇಟ್ಟ ಪರೀಕ್ಷೆ. ಐವತ್ತು ಅಂಕ. ಒಂದೂವರೆ ತಾಸು.

"ಸುಭಾಷ, ಕುರ್ಚಿ ಎತ್ಕೊಂಡ್ ಹೋಗಿ ಆ ಗ್ವಾಡಿ ಕಡಿ ಮಾರಿ ಮಾಡಿ ಕೂಡು," ಎಂದಳು ಅಕ್ಕ.

ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಬೇರೆ ಏನು ಮಾಡಲಿ?

ಮೊದಲಿನಿಂದ ಹೇಳುತ್ತೇನೆ. ಹುಮನಾಬಾದಿನಲ್ಲಿ ನನ್ನದೊಂದು ಚಷ್ಮಾ ಅಂಗಡಿ ಇರುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ನಿಮ್ಮಲ್ಲಿ ಕೆಲವರು ಓದುತ್ತಿರುವುದೇ ನಾನು ಕೊಟ್ಟ ಚಷ್ಮಾದಿಂದ. ಅಕ್ಷರ ಮಸುಕಾಗಿದ್ದರೆ ಅಂಗಡಿಗೆ ಬನ್ನಿ, ಅಂಕಣದ ತಪ್ಪಲ್ಲ.) ಅಕ್ಕ ಇರುವುದು ಬಸವಕಲ್ಯಾಣದಲ್ಲಿ. ಬಸ್ಸಿನಲ್ಲಿ ತಾಸಿನ ದಾರಿ. ಆ ತಾಸಿನ ದಾರಿಯನ್ನು ನಾನು ವರ್ಷಕ್ಕೆ ಎರಡು ಸಲ ಸವೆಸುತ್ತಿದ್ದೆ. ಪಂಚಮಿಗೆ ಒಮ್ಮೆ, ಉಪ್ಪಿನಕಾಯಿ ಭರಣಿ ತರಲು ಒಮ್ಮೆ. ಜಗಳವೇನೂ ಇರಲಿಲ್ಲ. ಮಾತೂ ಇರಲಿಲ್ಲ. ಹೋದರೆ ಅಕ್ಕ ಬಿಪಿ ಎಷ್ಟು ಎಂದು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ನಿನ್ನದೆಷ್ಟು ಎಂದು ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ಆಮೇಲೆ ಇಬ್ಬರೂ ಫ್ಯಾನ್ ನೋಡುತ್ತಿದ್ದೆವು.

ಈ ಸಂಪ್ರದಾಯವನ್ನು ಮುರಿದವಳು ಸುನೀತಾ. ಮಂಠಾಳದ ಹುಡುಗಿ. ಬಸವಕಲ್ಯಾಣದಲ್ಲಿ ಕೆಲಸ ಸಿಕ್ಕ ಮೇಲೆ ಅಕ್ಕನ ಮನೆಯ ಮಾಳಿಗೆಯ ರೂಮಿಗೆ ಬಾಡಿಗೆಗೆ ಬಂದಳು. ಬರುವಾಗ ಎರಡು ಸೂಟ್‌ಕೇಸಿನ ಜೊತೆ ಇಟ್ಟಿಗೆಯಷ್ಟು ದಪ್ಪದ ಒಂದು ಇಂಗ್ಲಿಷ್ ಪುಸ್ತಕವನ್ನೂ, ಇಪ್ಪತ್ತು ಮುಖದ ಒಂದು ದಾಳವನ್ನೂ ತಂದಳು. ಕಲಬುರಗಿಯಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಕಲಿತ ಆಟವಂತೆ.

ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಟೇಬಲ್ಲಿನ ಸುತ್ತ ಕೂತು ಆಡುವ ಕಥೆ ಅಂದುಕೊಳ್ಳಿ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರ. "ನಾನು ಆ ಬಾಗಿಲು ಒಡೆಯುತ್ತೇನೆ" ಎಂದು ನೀವು ಹೇಳುತ್ತೀರಿ. ಒಡೆಯಿತೋ, ನಿಮ್ಮ ಭುಜವೇ ಮುರಿಯಿತೋ ಎಂಬುದನ್ನು ದಾಳ ಹೇಳುತ್ತದೆ. ಹೀಗೆ ಹೊಡೆದಾಡಿ, ಪೆಟ್ಟು ತಿಂದು, ಅನುಭವ ಬಂದ ಹಾಗೆ ನಿಮ್ಮ ಪಾತ್ರದ ಲೆವೆಲ್ ಏರುತ್ತದೆ. ಒಂದನೇ ಲೆವೆಲ್ಲಿನವನು ಹೆಗ್ಗಣಕ್ಕೂ ಹೆದರಬೇಕು. ಇಪ್ಪತ್ತನೇ ಲೆವೆಲ್ಲಿನವನು ಬೆಟ್ಟ ಸೀಳಬಹುದು. ಇಪ್ಪತ್ತೇ ಕೊನೆ.

ಪಂಚಮಿಗೆ ಹೋದ ನನ್ನನ್ನು ಸುನೀತಾ ಹಿಡಿದು ಕೂರಿಸಿದಳು. ನನ್ನ ಜೊತೆ ಖಾಜಾಭಾಯಿಯೂ ಸಿಕ್ಕಿಬಿದ್ದರು. ಖಾಜಾಭಾಯಿ ಮಾಣಿಕನಗರದಲ್ಲಿ ಆಟೋ ಓಡಿಸುತ್ತಾರೆ. ಅರವತ್ತು ದಾಟಿದೆ, ನನ್ನ ಹಳೆಯ ಗಿರಾಕಿ. ಅವರ ಮಗಳ ಗಂಡನ ಮನೆ ಬಸವಕಲ್ಯಾಣ, ಅಕ್ಕನ ಮನೆಯಿಂದ ಎರಡೇ ಓಣಿ ದೂರ. ಆವತ್ತು ಒಂದೇ ಬಸ್ಸಿನಲ್ಲಿ ಬಂದಿದ್ದೆವು. ಚಹಾ ಕುಡಿದು ಹೋಗಿ ಎಂದು ನಾನೇ ಕರೆದಿದ್ದೆ.

ಪಾತ್ರ ಹಂಚಿದೆವು. ಜೀವನವಿಡೀ ಮೂಗಿನ ಮೇಲೆ ಫ್ರೇಮ್ ಕೂರಿಸಿದ ನಾನು ಖಡ್ಗವೀರ ಮಲ್ಲರಾಯನಾದೆ. ಖಾಜಾಭಾಯಿ ಗಾಯ ವಾಸಿ ಮಾಡುವ ಹಕೀಮರಾದರು. ಕಥೆ ನಡೆಸುವುದರ ಜೊತೆಗೆ ತನಗೂ ಒಂದು ಪಾತ್ರ ಇಟ್ಟುಕೊಂಡ ಸುನೀತಾ, ಚೂರಿ ಹಾಕುವ ಕಳ್ಳಿಯಾದಳು.

"ನರ್ಸ್ ಇದ್ದೀದಿ, ನೀನೇ ಹಕೀಮ್ ಆಗಬಾರದೇನವ್ವ?" ಎಂದು ಕೇಳಿದೆ.

"ಆರು ದಿನ ಹೊಲಿಗಿ ಹಾಕಾಕತ್ತೇನ್ರಿ ಅಂಕಲ್. ಏಳನೇ ದಿನಾರೆ ಒಬ್ಬರಿಗಿ ಇರಿಯಾಕ ಬಿಡ್ರಿ," ಎಂದಳು.

ಅಕ್ಕ ಆಡಲಿಲ್ಲ. ಚಹಾ ಕೊಟ್ಟಳು. ನಾವು ಅಂಕ ಕೂಡಿಸುವಾಗ ತಪ್ಪಿದರೆ ಅಡುಗೆಮನೆಯಿಂದಲೇ "ಹದಿನೇಳು" ಎಂದು ತಿದ್ದುತ್ತಿದ್ದಳು.

ಸುನೀತಾಳ ಕೈ ಬಹಳ ಧಾರಾಳ. ಲೆವೆಲ್ಲನ್ನು ಅವಳು ಚುರುಮುರಿ ಹಂಚಿದ ಹಾಗೆ ಹಂಚಿದಳು. ಹೆಗ್ಗಣ ಕೊಂದರೆ ಒಂದು ಲೆವೆಲ್. ಹೆಗ್ಗಣ ತಪ್ಪಿಸಿಕೊಂಡರೆ ಸಮಾಧಾನಕ್ಕೆ ಒಂದು ಲೆವೆಲ್. ಖಾಜಾಭಾಯಿ ಒಂದು ಒಳ್ಳೆಯ ಉರ್ದು ಶಾಯರಿ ಹೇಳಿದರು ಎಂದು ಎಲ್ಲರಿಗೂ ಒಂದೊಂದು ಲೆವೆಲ್. ಐದನೇ ಭಾನುವಾರಕ್ಕೆ ಮೂವರೂ ಇಪ್ಪತ್ತು ಮುಟ್ಟಿದೆವು.

ಏನು ಖುಷಿ ಅಂತೀರಿ. ಬಸ್ಸಿನಲ್ಲಿ ಕಿಟಕಿ ಸೀಟಿಗೆ ಯಾರಾದರೂ ಟವೆಲ್ ಹಾಕಿದ್ದರೆ, ಪಾಪ, ಇವನಿಗೆ ನಾನು ಯಾರು ಎಂದು ಗೊತ್ತಿಲ್ಲ ಅನಿಸುತ್ತಿತ್ತು.

ಆರನೇ ಭಾನುವಾರ ಹೋದೆವು. ಸುನೀತಾ ಬೆಂಕಿ ಉಗುಳುವ ಒಂದು ಮಹಾಸರ್ಪವನ್ನು ಬಿಟ್ಟಳು. ನಾನು ಒಂದೇ ಏಟಿಗೆ ಕೊಂದೆ. ಚಹಾ ಇನ್ನೂ ಬಿಸಿ ಇತ್ತು. ಇನ್ನೊಂದು ಬಿಟ್ಟಳು. ಅದನ್ನೂ ಕೊಂದೆ. ಖಾಜಾಭಾಯಿಗೆ ಈಗ ಸತ್ತವರನ್ನು ಎಬ್ಬಿಸುವ ಶಕ್ತಿ ಬಂದಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಅವರು ಒಬ್ಬನೇ ಕಾವಲುಗಾರನನ್ನು ಮೂರು ಸಲ ಎಬ್ಬಿಸಿದರು. ಮೂರನೇ ಸಲ ಅವನೇ ಬೇಡ ಎಂದ.

ಏಳನೇ ಭಾನುವಾರ ನನಗೆ ಅಂಗಡಿಯಲ್ಲಿ ಕೆಲಸ ಬಂತು. ಎಂಟನೇ ಭಾನುವಾರ ಖಾಜಾಭಾಯಿಗೆ. ಸುನೀತಾ ಡ್ಯೂಟಿ ಬದಲಿಸಿಕೊಂಡಳು. ಯಾರೂ ಯಾರಿಗೂ ಆಟ ನಿಲ್ಲಿಸೋಣ ಎನ್ನಲಿಲ್ಲ. ನಿಂತಿತು.

ಈಗಿನ ಕಾಲವೇ ಹೀಗಲ್ಲವೇ? ಎಲ್‌ಕೆಜಿ ಮುಗಿಸಿದ ಮಗುವಿಗೆ ಕರಿ ಗೌನು ಹಾಕಿ ಪದವಿ ಕೊಡುತ್ತಾರೆ. ನಾನು ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ ನಡೆದರೆ ನನ್ನ ಫೋನು ಅಭಿನಂದನೆ ಹೇಳುತ್ತದೆ, ಮೆಡಲ್ ತೋರಿಸುತ್ತದೆ. ನಮ್ಮೂರಿನ ಫ್ಲೆಕ್ಸುಗಳನ್ನು ನೋಡಿ. ಹೋದ ವರ್ಷದ ಹುಟ್ಟುಹಬ್ಬಕ್ಕೆ ಯುವ ನಾಯಕನಾಗಿದ್ದವನು ಈ ವರ್ಷ ಧೀಮಂತ ನಾಯಕ. ನಡುವಿನ ಹನ್ನೆರಡು ತಿಂಗಳಲ್ಲಿ ಅವನು ಮಾಡಿದ್ದೇನು? ಗಡ್ಡ ಬಿಟ್ಟ. ನನ್ನ ಅಂಗಡಿಯಲ್ಲಿ ಮಾತ್ರ ನಂಬರ್ ಏರಿದರೆ ಜನ ಅಳುಮುಖ ಮಾಡುತ್ತಾರೆ. ಉಳಿದ ಕಡೆಯೆಲ್ಲ ಏರಿದ್ದೇ ಸಂಭ್ರಮ.

ಹಾಗಾದರೆ ನಿಧಾನವಾಗಿ ಏರಿಸಬೇಕೇ? ಆಹಾ, ಅದನ್ನೂ ನೋಡಿಯಾಯಿತು.

ಆಟ ನಿಂತು ಎರಡು ತಿಂಗಳ ಮೇಲೆ ಅಕ್ಕನ ಫೋನ್ ಬಂತು.

"ಭಾನುವಾರ ಬಾ. ಖಾಜಾಭಾಯಿಗೂ ಹೇಳು. ಆಟ ನಾ ನಡಸ್ತೀನಿ. ಎಲ್ಲಾರೂ ಒಂದರಿಂದ ಶುರು."

ಸುನೀತಾಳಿಂದ ಆ ಇಟ್ಟಿಗೆಯಂಥ ಪುಸ್ತಕವನ್ನು ಇಸಿದುಕೊಂಡು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು, ಅಕ್ಕ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದಳು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನೋಟ್ಸ್ ಮಾಡಿದ್ದಳು. ಮಾರ್ಜಿನ್ ಹಾಕಿದ್ದಳು. ಒಂದು ಡಕಾಯಿತರ ಕೋಟೆ ಕಟ್ಟಿದ್ದಳು, ಹದಿನಾಲ್ಕು ಕೋಣೆ, ಪ್ರತಿ ಕೋಣೆಗೂ ಉದ್ದ, ಅಗಲ, ಎತ್ತರ.

ನನಗೆ ಆಗಲೇ ಅನುಮಾನ ಬರಬೇಕಿತ್ತು. ಇವಳು ಯಾರು? ನಾನು ಹತ್ತನೇ ತರಗತಿಯಲ್ಲಿದ್ದಾಗ ಪೂರ್ವಭಾವಿ ಪರೀಕ್ಷೆಯಲ್ಲಿ, ಮೂವತ್ತೈದಕ್ಕೆ ಪಾಸು ಎನ್ನುವಲ್ಲಿ, ಒಡಹುಟ್ಟಿದ ತಮ್ಮನಿಗೆ ಮೂವತ್ತಮೂರು ಕೊಟ್ಟು ಕೂರಿಸಿದವಳು. ಅವ್ವ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದಳು. ಅಕ್ಕ ಜಗ್ಗಲಿಲ್ಲ. ಮೂವತ್ತೈದು ವರ್ಷದ ನೌಕರಿಯಲ್ಲಿ ಯಾರಿಗೂ ನೂರಕ್ಕೆ ನೂರು ಕೊಟ್ಟವಳಲ್ಲ. "ಅಂಡರ್‌ಲೈನ್ ಸ್ಕೇಲ್‌ಲೇ ಹೊಡದಿಲ್ಲ" ಎಂದು ಅರ್ಧ ಅಂಕ ಕತ್ತರಿಸುತ್ತಿದ್ದಳು.

ಆ ಕೈಯಲ್ಲಿ ಈಗ ನಮ್ಮ ಲೆವೆಲ್ಲುಗಳು.

ಮೊದಲ ಹೆಗ್ಗಣ ಸಾಯಲು ಮೂರು ಭಾನುವಾರ ಹಿಡಿಯಿತು. ಅದು ಮಲ್ಲರಾಯನ ಹಿಮ್ಮಡಿ ಕಚ್ಚಿತು. ಹಕೀಮರು ಅರಿಶಿಣ ಹಚ್ಚಿದರು. ಗಾಯ ಕೀವಾಗುತ್ತದೋ ಇಲ್ಲವೋ ನೋಡಲು ಅಕ್ಕ ದಾಳ ಹಾಕಿಸಿದಳು. ಕೀವಾಯಿತು. ನಾನು ಒಂದು ತಿಂಗಳು ಕುಂಟಿದೆ. ಇನ್ನೊಂದು ಬಾಗಿಲಿಗೆ ಕಿವಿ ಇಟ್ಟು ಕೇಳುವುದರಲ್ಲೇ ಒಂದು ಭಾನುವಾರ ಕಳೆಯಿತು. ಒಳಗೆ ಇದ್ದದ್ದು ಒಂದು ಕತ್ತೆ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕತ್ತೆಯ ಬಾಗಿಲಿನ ಮುಂದೆ ನನ್ನ ಎದೆ ಹೊಡೆದುಕೊಂಡ ಹಾಗೆ ಆ ಮಹಾಸರ್ಪದ ಮುಂದೆ ಹೊಡೆದುಕೊಂಡಿರಲಿಲ್ಲ. ಯಾರೂ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಅಂಗಡಿಯ ಬಾಗಿಲಿಗೆ "ಭಾನುವಾರ ರಜೆ" ಎಂದು ಬೋರ್ಡ್ ಹಾಕಿದೆ. ಬಸ್ಸಿನಲ್ಲಿ ನಾನೂ ಖಾಜಾಭಾಯಿಯೂ ಮುಂದಿನ ಕೋಣೆಯಲ್ಲಿ ಏನಿರಬಹುದು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆವು. ನಮ್ಮ ಹಿಂದಿನ ಸೀಟಿನ ದುಬಲಗುಂಡಿಯ ಹೆಂಗಸೊಬ್ಬಳು ಒಮ್ಮೆ, "ಯಾವ ಊರಾಗರೀ ಈ ಡಕಾಯಿತರು?" ಎಂದು ಗಾಬರಿಯಿಂದ ಕೇಳಿದಳು.

ಏಳು ತಿಂಗಳಾಯಿತು. ಒಂದನೇ ಲೆವೆಲ್. ನಾಲ್ಕನೇ ಕೋಣೆ.

ಕೊನೆಗೆ ನಾನೇ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಒಂದು ಮನವಿ ಬರೆದೆ. "ವಿಷಯ: ಮುಂಬಡ್ತಿ ಕೋರಿ." ಕೆಳಗೆ ನಮ್ಮ ಮೂವರ ಹೆಸರು. ಅಕ್ಕ ಅದನ್ನು ಓದಿದಳು. ಕೆಂಪು ಪೆನ್ನಿನಲ್ಲಿ ನಾಲ್ಕು ಕಾಗುಣಿತ ತಿದ್ದಿದಳು. ವಾಪಸ್ ಕೊಟ್ಟಳು.

"ಮುಂದಿನ ತಿಂಗಳು ಪರೀಕ್ಷಾ ಇಡ್ತೀನಿ," ಎಂದಳು. "ಇಲ್ಲೀತನಕ ಕೋಟೆದಾಗ ಏನೇನಾತು, ಯಾರು ಏನ್ ಕಲ್ತ್ರು, ಎಲ್ಲಾ ಕೇಳ್ತೀನಿ. ಪಾಸಾದವ್ರು ಎರಡನೇ ಲೆವೆಲ್."

"ಹಾಳಿ ಮ್ಯಾಲ ಬರಿಯೂ ಪರೀಕ್ಷಾನೇನ್ರಿ, ಅಕ್ಕೋರ?" ಎಂದು ಖಾಜಾಭಾಯಿ ಕೇಳಿದರು. ನಮ್ಮ ಕಡೆ ಟೀಚರಮ್ಮನವರಿಗೆ ಅಕ್ಕೋರು ಎನ್ನುತ್ತಾರೆ.

"ಮತ್ತ? ಹಾಡೂ ಪರೀಕ್ಷಾ ಇರತದೇನು?"

ಖಾಜಾಭಾಯಿ ನಕ್ಕರು. ನಾವೂ ನಕ್ಕೆವು.

ಪರೀಕ್ಷೆಯ ದಿನ ಅವರು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಅಕ್ಕ ಹತ್ತು ನಿಮಿಷ ಕಾದು, ಸ್ಟೀಲ್ ತಟ್ಟೆಗೆ ಚಮಚ ಬಡಿದು, "ಶುರು ಮಾಡ್ರಿ" ಎಂದಳು. ಆಮೇಲೆ ನಾನು ಗೋಡೆಗೆ ಮುಖ ಮಾಡಿದ ಕಥೆ ನಿಮಗೆ ಗೊತ್ತು.

ಫಲಿತಾಂಶ ಅರ್ಧ ತಾಸಿನಲ್ಲಿ ಬಂತು. ಸುನೀತಾ ನಲವತ್ತಾರೂವರೆ. ನಾನು ಹದಿನೇಳು. ಪಾಸಿಗೆ ಬೇಕಿದ್ದದ್ದು ಹದಿನೇಳೂವರೆ.

"ಅರ್ಧ ಅಂಕ, ಅಕ್ಕಾ," ಎಂದೆ.

"ಅರ್ಧ ಅಂದ್ರ ಅರ್ಧ," ಎಂದಳು.

ಮುಂದಿನ ಭಾನುವಾರವೂ ಖಾಜಾಭಾಯಿ ಬರಲಿಲ್ಲ. ಮೂವರೇ ಕೂತೆವು. ಹಕೀಮರಿಲ್ಲದ ಕೋಟೆಯಲ್ಲಿ ಮಲ್ಲರಾಯನಿಗೆ ಧೈರ್ಯವೇ ಬರಲಿಲ್ಲ. ಅರ್ಧಕ್ಕೇ ಎದ್ದೆವು. ಅಕ್ಕ ನಾಲ್ಕು ಲೋಟ ತಂದಿಟ್ಟಿದ್ದಳು. ಒಂದನ್ನು ತೊಳೆಯದೆ ಹಾಗೇ ಒಳಗಿಟ್ಟಳು.

ಸೋಮವಾರ ನಾನು ಮಾಣಿಕನಗರಕ್ಕೆ ಹೋದೆ. ಖಾಜಾಭಾಯಿ ಆಟೋದ ಮುಂಗಾಜು ಒರೆಸುತ್ತಿದ್ದರು. ನನ್ನನ್ನು ನೋಡಿ ಇನ್ನೂ ಜೋರಾಗಿ ಒರೆಸತೊಡಗಿದರು.

"ಬರಲಿಲ್ಲಲ್ಲ ನೀವು?"

"ಕೆಲಸ ಭಾಳ ಅದ ಮಾಲಕ್ರ. ಜನಾ ಬರಾಕತ್ತಾರ. ಮಮ್ಮಗಗ ನೆಗಡಿ. ಗಾಡಿ ಬ್ರೇಕ್ ಬ್ಯಾರೆ."

ಒಂದೇ ಉಸಿರಿಗೆ ಇಷ್ಟು ಕಾರಣ ಹೇಳುವವರು ನನ್ನ ಅಂಗಡಿಗೆ ಬಹಳ ಬರುತ್ತಾರೆ. ಚಷ್ಮಾ ತಾವೇ ಮುರಿದುಕೊಂಡವರು. ಚಹಾ ಕುಡಿಯೋಣ ಬನ್ನಿ ಎಂದೆ. ಕುಡಿಯುತ್ತಾ ನನ್ನ ಗೋಳು ತೋಡಿಕೊಳ್ಳಲು ಜೇಬಿನಿಂದ ಪ್ರಶ್ನೆ ಪತ್ರಿಕೆ ತೆಗೆದು ಅವರ ಕೈಗೆ ಕೊಟ್ಟೆ. "ನೋಡ್ರಿ, ಏನೇನ್ ಕೇಳ್ಯಾಳ ನೋಡ್ರಿ."

ಅವರು ಹಿಡಿದುಕೊಂಡರು. ಚಷ್ಮಾ ಏರಿಸಿದರು. ನೋಡಿದರು. ಬಹಳ ಹೊತ್ತು ನೋಡಿದರು. ಕಣ್ಣು ಸಾಲಿನ ಮೇಲೆ ಸರಿಯುತ್ತಿರಲಿಲ್ಲ.

ಆಗ ನನಗೆ ನೆನಪಾಯಿತು. ಅವರ ಕಣ್ಣು ಪರೀಕ್ಷೆ ಮಾಡಿದವನು ನಾನೇ. ಕನ್ನಡ ಅಕ್ಷರದ ಬೋರ್ಡ್ ತೋರಿಸಿದಾಗ ಬೇಡ ಎಂದಿದ್ದರು. ಉರ್ದುವಿನದು ತೆಗೆದಾಗ ಅದೂ ಬೇಡ ಎಂದಿದ್ದರು. ಕೊನೆಗೆ ಕೊಡೆ, ಮನೆ, ಮೀನಿನ ಚಿತ್ರ ಇರುವ ಬೋರ್ಡ್ ಹಾಕಿ ನಂಬರ್ ತೆಗೆದಿದ್ದೆ. ಆಟದಲ್ಲೂ ಅಷ್ಟೇ. ಅವರ ಪಾತ್ರದ ಹಾಳೆಯಲ್ಲಿ ಸುನೀತಾ ಸಣ್ಣ ಸಣ್ಣ ಚಿತ್ರ ಬರೆದುಕೊಟ್ಟಿದ್ದಳು. ಔಷಧಿಗೆ ಶೀಶೆ, ಜೀವಕ್ಕೆ ದೀಪ. ಚೆಂದಕ್ಕೆ ಬರೆದಿದ್ದಾಳೆ ಎಂದುಕೊಂಡಿದ್ದೆ.

ಗೊತ್ತಿದ್ದ ವಿಷಯ. ಮರೆತು ಕೂತಿದ್ದೆ.

"ಮಾಲಕ್ರ," ಎಂದರು ಖಾಜಾಭಾಯಿ, ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಡುತ್ತಾ. "ಲೆವೆಲ್ ನಕ್ಕೋ, ಬ್ಯಾಡ. ಒಂದರಾಗೇ ಆರಾಮಿದ್ದೆ. ಪರೀಕ್ಷಾ ಅಂತ ಕೇಳಿದ ದಿನದಿಂದ ಊಟ ಸೇರವಲ್ದು. ಮಮ್ಮಗ ಮೂರನೇತ್ತ ಓದಾಕತ್ಯಾನ. ಅಕ್ಕೋರ ಮನಿಗಿ ಆಟ ಆಡಾಕ ಹೋಗತೀನಂತ ಅವಗ ದೊಡ್ಡದಾಗಿ ಹೇಳೀನಿ. ಫೇಲಾದ್ರ ಅವನ ಮುಂದ ಹ್ಯಾಂಗ ಮಾರಿ ತೋರಿಸಲಿ?"

ಹಾಳೆಯನ್ನು ಜೇಬಿಗೆ ಹಾಕಿ, ಇನ್ನೆರಡು ಚಹಾ ಹೇಳಿದೆ.

ಚಹಾ ಬಂದ ಮೇಲೆ ಅವರೇ ಮೆಲ್ಲಗೆ ಕೇಳಿದರು, "ಐದನೇ ಖೋಲಿ ತೆಗದ್ರೇನು?"

"ಇಲ್ಲ."

"ತೆಗೀಬ್ಯಾಡ್ರಿ. ನಾಲ್ಕನೇದ್ರಾಗ ಬಲಗಡಿ ಗ್ವಾಡಿ ಹಸಿ ಇತ್ತು. ಅಕ್ಕೋರು ಮೂರು ತಿಂಗಳ ಹಿಂದನೇ ಹೇಳ್ಯಾರ. ಅಲ್ಲಿ ನೀರ್ ಅದ."

ಆಮೇಲೆ ಆಟೋದ ಧೂಳು ಹಿಡಿದ ಹಿಂಗಾಜಿನ ಮೇಲೆ ಬೆರಳಿನಿಂದ ಇಡೀ ಕೋಟೆ ಬರೆದು ತೋರಿಸಿದರು. ಎಂಟು ತಿಂಗಳ ಆಟ. ಯಾವ ಬಾಗಿಲು ಯಾರು ತೆಗೆದರು, ದಾಳ ಎಷ್ಟು ಬಿತ್ತು, ಯಾರಿಗೆ ಎಲ್ಲಿ ಗಾಯ. ನನ್ನ ಹಿಮ್ಮಡಿಯ ಕೀವಿನ ತನಕ. ಹದಿನೇಳು ಅಂಕದವನು ನಿಂತು ಕೇಳಿದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಕ್ಲಾಸಿನ್ಯಾಗ ಯಾರಿಗಿ ಓದಾಕ ಬರೂದಿಲ್ಲ ಅಂತ ನನಗ ಮೊದಲನೇ ದಿನಾನೇ ತಿಳೀತಿತ್ತು," ಎಂದಳು. ಫೋನ್ ಇಟ್ಟಳು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಳು. ಅವಳು ನನ್ನ ಅಂಗಡಿಗೆ ಬಂದು ಎಷ್ಟು ವರ್ಷವಾಗಿತ್ತೋ, ಕುರ್ಚಿ ಒರೆಸಲು ಬಟ್ಟೆ ಹುಡುಕಿದೆ.

"ಚಷ್ಮಾ ಸಡ್ಲಾಗ್ಯಾವ," ಎಂದಳು. ತೆಗೆದು ನೋಡಿದೆ. ಸ್ಕ್ರೂ ಬಿಗಿಯಾಗಿಯೇ ಇತ್ತು. ಆದರೂ ಒಂದು ಸುತ್ತು ತಿರುಗಿಸಿದ ಹಾಗೆ ಮಾಡಿ ಕೊಟ್ಟೆ.

"ಆ ಖಾಜಾಭಾಯಿ ಎಲ್ಲಿ ನಿಂದರತಾರ?"

ಫೋನ್ ಮಾಡಿ, ಒಂದು ಸವಾರಿ ಇದೆ ಬನ್ನಿ ಎಂದೆ. ಬಂದರು. ಅಂಗಡಿಯ ಮುಂದೆ ಅಕ್ಕನನ್ನು ನೋಡಿ ಆಟೋ ಬಂದ್ ಮಾಡುವುದನ್ನೇ ಮರೆತರು. ಅಕ್ಕ ಹಿಂದೆ ಕೂತಳು. ನಾನೂ ಕೂತೆ.

"ಮಾಣಿಕನಗರಕ್ಕ ನಡೀರಿ," ಎಂದಳು. ಗಾಡಿ ಹೊರಟ ಮೇಲೆ ಬ್ಯಾಗಿನಿಂದ ಪ್ರಶ್ನೆ ಪತ್ರಿಕೆ ತೆಗೆದಳು. "ಮೊದಲನೇ ಪ್ರಶ್ನೆ. ಕೋಟೆ ಹೊರಗಿನ ಬಾಗಿಲಾ ತೆಗದವ್ರು ಯಾರು, ಹ್ಯಾಂಗ?"

ಖಾಜಾಭಾಯಿ ಕನ್ನಡಿಯಲ್ಲಿ ನೋಡಿದರು.

"ಸುನೀತಾಬಾಯಿ ತೆಗದ್ರು. ಕೂದಲ ಪಿನ್‌ಲೇ. ಎರಡು ಸಲ ತಪ್ಪತು, ಮೂರನೇ ಸಲಕ್ಕ ಹದಿನಾಲ್ಕು ಬಿತ್ತು."

"ಎರಡನೇದ್ದು."

ಹೀಗೆ ನಡೆಯಿತು. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಐದು ಅಂಕದ ಪ್ರಶ್ನೆ. ಎಮ್ಮೆ ಅಡ್ಡ ಬಂದಾಗ ಎರಡು ಅಂಕದ್ದು. ಮಾಣಿಕನಗರ ತಲುಪಿದರೂ ಪ್ರಶ್ನೆ ಮುಗಿಯಲಿಲ್ಲ, ಹಾಗೇ ತಿರುಗಿಸಿ ಹುಮನಾಬಾದಿಗೆ, ಮತ್ತೆ ಅಲ್ಲಿಂದ ಮಾಣಿಕನಗರಕ್ಕೆ. ರಸ್ತೆ ಬದಿಯ ಹೂವಿನವಳು ನಮ್ಮನ್ನು ಮೂರು ಸಲ ನೋಡಿದಳು.

"ಹದಿನೆಂಟನೇದ್ದು. ಇಲ್ಲೀತನಕ ಒಟ್ಟು ಎಷ್ಟು ಜೀವಕ್ಕ ಗಾಯ ಆಗ್ಯಾವ?"

"ಆರು."

"ಐದು," ಎಂದಳು ಅಕ್ಕ.

"ಆರು, ಅಕ್ಕೋರ. ಕತ್ತಿ ಲೆಕ್ಕಾ ಬಿಟ್ರಿ."

ನಮ್ಮ ಕಡೆ ಮಾತಿನಲ್ಲಿ ಕತ್ತೆ ಕತ್ತಿಯಾಗುತ್ತದೆ.

"ಕತ್ತಿ ಆಟದ ಪಾತ್ರ ಅಲ್ಲ."

"ರಕ್ತ ಬಂದಿತ್ತಲ್ರೀ. ಬಾಗಿಲಾ ಒಡಿಯಾಗ ಮಾಲಕ್ರ ಕೈಯಾಗಿನ ಖಡ್ಗ ಅದರ ಕಾಲಿಗಿ ಬಡೀತು. ನಾ ರುಮಾಲ ಹರದು ಕಟ್ಟೀನಿ. ನೀವ ಹೇಳಿದ್ರಿ, ರಕ್ತಾ ನಿಂತದ ಅಂತ."

ಅಕ್ಕ ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಕುಲುಕುವ ಆಟೋದಲ್ಲಿ ಪುಟ ತಿರುವಿದಳು. ಬೆರಳಿಟ್ಟು ಓದಿದಳು. ಆಮೇಲೆ ಕೆಂಪು ಪೆನ್ನಿನಿಂದ, ನನ್ನ ಐವತ್ತೆರಡು ವರ್ಷದ ಆಯುಷ್ಯದಲ್ಲಿ ಮೊದಲ ಸಲ, ತನ್ನ ಉತ್ತರವನ್ನು ತಾನೇ ತಿದ್ದಿದಳು.

"ಆರು," ಎಂದಳು. "ನನ್ನ ತಪ್ಪು."

ನಾನು ಸಮಯ ನೋಡಿ ಬಾಯಿ ಹಾಕಿದೆ. "ಅಕ್ಕಾ, ಉತ್ತರಾನೇ ತಪ್ಪಿದ್ರ ಎಲ್ಲಾರಿಗೂ ಗ್ರೇಸ್ ಮಾರ್ಕ್ ಕೊಡಬೇಕಲ್ಲ?"

"ಐದು ಅಂತ ಬರದವ್ರಿಗಿ ಕೊಡಬೌದು. ನೀ ಮೂರು ಅಂತ ಬರದೀದಿ. ಬಾಯಿ ಮುಚ್ಚು."

ಅಂಗಡಿಯ ಮುಂದೆ ಇಳಿದು ಫಲಿತಾಂಶ ಹೇಳಿದಳು. ನಲವತ್ತೊಂಬತ್ತೂವರೆ.

ಖಾಜಾಭಾಯಿ ಕಣ್ಣೊರೆಸಿಕೊಂಡರು. ಒರೆಸಿಕೊಂಡ ಮೇಲೆ ಮನುಷ್ಯರಿಗೆ ಸಹಜವಾದ ಪ್ರಶ್ನೆ ಕೇಳಿದರು. "ಅರ್ಧ ಯಾಕ್ ಹೋತ್ರಿ?"

"ಎಡಕ್ಕ ತಿರುಗಸಾಗ ಇಂಡಿಕೇಟರ್ ಹಾಕಲಿಲ್ಲ."

ಆ ಭಾನುವಾರ ಮತ್ತೆ ನಾಲ್ಕೂ ಲೋಟ ಹೊರಗೆ ಬಂದವು. ಎರಡನೇ ಲೆವೆಲ್ಲಿಗೆ ಏರಿದವರು ಒಂದು ಹೊಸ ವಿದ್ಯೆ ಆರಿಸಿಕೊಳ್ಳಬೇಕು. ಪುಸ್ತಕದಲ್ಲಿರುವುದನ್ನು ಈ ಸಲ ಅಕ್ಕನೇ ಜೋರಾಗಿ, ನಿಧಾನವಾಗಿ ಓದಿ ಹೇಳಿದಳು. ವಿಷ ಇಳಿಸುವುದು. ಮುಟ್ಟಿ ಮೂಳೆ ಕೂಡಿಸುವುದು. ಪ್ರಾಣಿಗಳ ಮಾತು ತಿಳಿಯುವುದು.

ಖಾಜಾಭಾಯಿ ಬಹಳ ಯೋಚಿಸಿದರು. "ಕೊನೀದ್ದು ಇರಲಿ. ಆ ಕತ್ತಿ ಬಾಗಿಲಾ ಒಡದ ದಿನದಿಂದ ನಮ್ಮ ಹಿಂದ ತಿರಗಾಕತ್ತದ. ಏನಂತದೋ ಒಮ್ಮಿ ಕೇಳಬೇಕು."

ಕೇಳಿದರು. ದಾಳ ಹತ್ತೊಂಬತ್ತು ಬಿತ್ತು. ಐದನೇ ಕೋಣೆಯ ಬಾಗಿಲ ಹಿಂದೆ ನೀರಿದೆ ಎಂದು ಕತ್ತೆಯೂ ಹೇಳಿತು. ಖಾಜಾಭಾಯಿ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಎಂಟು ತಿಂಗಳು ಕಾದು ಪಡೆದ ಒಂದು ಲೆವೆಲ್ಲಿನಲ್ಲಿ ಅವರಿಗೆ ಸಿಕ್ಕ ಸಂತೋಷ, ಐದು ವಾರದ ಇಪ್ಪತ್ತು ಲೆವೆಲ್ಲುಗಳನ್ನು ಒಟ್ಟು ಹಾಕಿದರೂ ನಮಗೆ ಸಿಕ್ಕಿರಲಿಲ್ಲ.

ನಾನೋ? ನಾನು ಒಂದನೇ ಲೆವೆಲ್ಲಿನಲ್ಲೇ ಇದ್ದೇನೆ. ನನಗೂ ಬಾಯಿ ಪರೀಕ್ಷೆ ಮಾಡು ಎಂದೆ. "ನಿನಗ ಬರಿಯಾಕ ಬರತದ. ಪ್ಯಾಪರ್‌ನ್ಯಾಗ ಬರೀತಿಯಲ್ಲ ವಾರ ವಾರ," ಎಂದಳು. ಮರುಪರೀಕ್ಷೆಗೆ ದಿನ ಗೊತ್ತುಮಾಡಿದಳು.

ಹೋದ ಭಾನುವಾರ ಆಟ ಮುಗಿದಿತ್ತು. ಸುನೀತಾ ಡ್ಯೂಟಿಗೆ ಹೋದಳು. ಖಾಜಾಭಾಯಿ ಮಗಳ ಮನೆಗೆ ಹೋದರು. ಅಕ್ಕ ಒಳಗೆ ಚಹಾ ಇಡುತ್ತಿದ್ದಳು. ನೋಟ್‌ಬುಕ್ ಟೇಬಲ್ಲಿನ ಮೇಲೇ ಇತ್ತು. ಪ್ರಶ್ನೆಗಳನ್ನು ಅಕ್ಕ ಹಿಂದಿನ ಪುಟಗಳಲ್ಲಿ ಬರೆದಿಡುತ್ತಾಳೆ ಎಂಬುದು ನನ್ನ ಶಾಲಾ ದಿನಗಳಿಂದ ಗೊತ್ತಿರುವ ಗುಟ್ಟು. ನನ್ನ ಮೇಲೆ ನಿಮಗೆ ಇನ್ನೂ ಒಳ್ಳೆಯ ಅಭಿಪ್ರಾಯ ಉಳಿದಿದ್ದರೆ ಕ್ಷಮಿಸಿ, ಕೊನೆಯ ಪುಟ ತೆಗೆದೆ.

ಪ್ರಶ್ನೆಗಳಿರಲಿಲ್ಲ. ಪೆನ್ಸಿಲ್ಲಿನಲ್ಲಿ ಹಾಕಿದ ಒಂದು ಲೆಕ್ಕ ಇತ್ತು. ಅಕ್ಕ ತನ್ನ ಆಟ ಶುರು ಮಾಡುವ ಮೊದಲೇ ಹಾಕಿದ್ದು, ಮೇಲೆ ತಾರೀಖಿತ್ತು.

"ಸುನೀತಾ: ೫ ವಾರಕ್ಕೆ ೨೦ ಲೆವೆಲ್. ಮುಗಿಯಿತು. ಯಾರೂ ಬರುತ್ತಿಲ್ಲ."

ಅದರ ಕೆಳಗೆ:

"ಒಂದು ಲೆವೆಲ್ಲಿಗೆ ೮ ತಿಂಗಳಾದರೆ, ೧೯ × ೮ = ೧೫೨ ತಿಂಗಳು = ೧೨ ವರ್ಷ ೮ ತಿಂಗಳು. ಆಗ ನನಗೆ ೭೬. ಸಾಕು."

ಅದರ ಕೆಳಗೆ ಇನ್ನೊಂದು ಸಾಲು, ಸ್ಕೇಲಿನಲ್ಲಿ ಅಂಡರ್‌ಲೈನ್ ಹೊಡೆದದ್ದು:

"ಸುಭಾಷ ಫೇಲಾದರೆ, + ೮."

"ಸಕ್ರಿ ಎಷ್ಟ್ ಹಾಕಲೋ?" ಎಂದು ಅಕ್ಕ ಒಳಗಿನಿಂದ ಕೇಳಿದಳು.

"ನೀ ಎಷ್ಟ್ ಹಾಕ್ತಿಯೋ ಅಷ್ಟು," ಎಂದೆ.

"ಮುಂದಿನ ವಾರದ ಪರೀಕ್ಷಾಕ್ಕ ಓದಾಕತ್ತೀದಿ ಹೌದಿಲ್ಲೋ?"

ಪ್ರಶ್ನೆಗಳು ಅದರ ಹಿಂದಿನ ಪುಟದಲ್ಲೇ ಇದ್ದವು. ಹಾಳೆ ತೆಳ್ಳಗಿತ್ತು, ಕೆಂಪು ಶಾಯಿ ಈ ಕಡೆಗೂ ಕಾಣುತ್ತಿತ್ತು. ಒಂದು ಪುಟ ತಿರುವಿದ್ದರೆ ಸಾಕಿತ್ತು. ನೋಟ್‌ಬುಕ್ ಮುಚ್ಚಿ, ಮೊದಲು ಹೇಗಿತ್ತೋ ಹಾಗೇ ಇಟ್ಟೆ.

ನೀವೇ ಹೇಳಿ, ಪಾಸಾಗುವ ಅವಸರ ಯಾರಿಗಿದೆ?